ನೆವಿಲ್‌ನ ಬೆರೆಟ್ ಟೋಪಿ

ಫಾಕ್‌ಲ್ಯಾಂಡ್ ಯುದ್ಧಕ್ಕೆ ಹೋದ ನಮ್ಮ ಬ್ರಿಟಿಷ್ ಸಿಪಾಯಿಗಳ ಉಡುಪು ಕೂಡಿಡುವ ಹುಚ್ಚು ನನಗೆ. ಅದು ಗೊತ್ತಿದ್ದೇ ಪಕ್ಕದ ಬೀದಿಯ ಹಿಬರ್ಟ್ ಅಜ್ಜಿ ತನ್ನ ಮಗ ನೆವಿಲ್‌ನ ಬೆರೆಟ್ ಟೋಪಿಯನ್ನು ನನ್ನ ಕೈಗಿಟ್ಟಳು.

"ನಾನು ಸತ್ರೆ ಇದನ್ನ ಕಸಕ್ಕೆ ಎಸೀತಾರೆ. ನೀನು ಜೋಪಾನ ಮಾಡಪ್ಪ."

ಅದನ್ನು ಮನೆಯಲ್ಲೇ ಬಿಟ್ಟು ಆ ಯುದ್ಧಕ್ಕೆ ಹೊರಟಿದ್ದ ನೆವಿಲ್ ಹಡಗಿನೊಂದಿಗೆ ಸಮುದ್ರದಲ್ಲಿ ಮುಳುಗಿದ್ದ.

ಯುದ್ಧದ ನೆನಪಿನ ಮೆರವಣಿಗೆಗೆ ಅದನ್ನು ಹಾಕಿಕೊಳ್ಳುವ ಆಸೆಯಾಯಿತು ನನಗೆ. ಬೆರೆಟ್ಟನ್ನು ನೆನೆಸಿ, ಒಣಗುವತನಕ ತೊಟ್ಟುಕೊಂಡಿದ್ದರೆ ಅದು ತೊಟ್ಟವನ ತಲೆಯ ಆಕಾರಕ್ಕೆ ಕೂರುತ್ತದೆ. ಸಿಪಾಯಿಗಳೆಲ್ಲ ಹಾಗೇ ಮಾಡುತ್ತಾರೆ. ನಲ್ಲಿ ನೀರಿನಲ್ಲಿ ನೆನೆಸಿ, ತೊಟ್ಟು, ಬಿಸಿಲಿಗೆ ಕೂತೆ.

"ಒದ್ದೆ ಕಾಗೆ ಹೊತ್ಕೊಂಡ ಹಾಗಿದೆ," ಎಂದು ಹೆಂಡತಿ ಗ್ಲೆಂಡಾ ನಕ್ಕಳು.

ಸಂಜೆಯಾದರೂ ಹಣೆಯ ಮೇಲೆ ನೀರು ಇಳಿಯುತ್ತಲೇ ಇತ್ತು. ತುಟಿಗೆ ತಾಗಿದಾಗ ಉಪ್ಪಾಗಿತ್ತು. ಮೂರು ದಿನ ಹೀಟರ್ ಮೇಲಿಟ್ಟೆ, ಹೀಟರೇ ತಣ್ಣಗಾಯಿತು.

ಹೆದರಿ, ಅಜ್ಜಿಗೆ ಮರಳಿಸಲು ಹೋದೆ. ಅವಳು ಟೋಪಿಯೊಳಗೆ ಕೈಯಿಟ್ಟು ತಡಕಾಡಿದಳು.

"ನೆನೆಸಿಬಿಟ್ಯಾ?"

"ಹೂಂ."

"ಮೂವತ್ತು ವರ್ಷ ನೀರು ಸೋಕಿಸಿರ್ಲಿಲ್ಲ ಕಣೋ. ಕೈ ಹಾಕಿದ್ರೆ ಅವನ ತಲೆ ಸಿಗ್ತಿತ್ತು." ಟೋಪಿಯನ್ನು ನನ್ನತ್ತ ತಳ್ಳಿದಳು. "ಇದು ನಿನ್ನ ತಲೆ. ನೀನೇ ಇಟ್ಕೋ."

ಅವಳು ಸತ್ತು ಆರು ವರ್ಷವಾಯಿತು. ಟೋಪಿಯ ಕೆಳಗೆ ಒಂದು ಬಟ್ಟಲು ಇಟ್ಟಿದ್ದೇನೆ. ಇವತ್ತು ಬೆಳಿಗ್ಗೆಯೂ ಅದರಲ್ಲಿ ತುಂಬಿದ್ದ ಉಪ್ಪುನೀರನ್ನು ಚೆಲ್ಲಿ ಬಂದೆ.