ಒಳಗಿನ ಚಿಲಕ

ಮಗನ ಕೋಣೆಯ ಬಾಗಿಲಿಗೆ ಒಳಗಡೆಯಿಂದ ಹೊಸ ಚಿಲಕವೊಂದು ಕೂತಿತ್ತು. ಸ್ಕ್ರೂಗಳ ಸುತ್ತ ಕೊರೆದ ಮರದ ಪುಡಿ ಇನ್ನೂ ಅಂಟಿಕೊಂಡೇ ಇತ್ತು. ಗುಡಿಸಲೆಂದು ಒಳಗೆ ಹೋದ ತಾಯಿ ಪೊರಕೆ ಹಿಡಿದಂತೆಯೇ ನಿಂತುಬಿಟ್ಟಳು. ಮನೆಯಲ್ಲಿರುವುದು ಮಗ, ಸೊಸೆ, ತಾನು. ಹಾಗಾದರೆ ಈ ಚಿಲಕ ಯಾರನ್ನು ಹೊರಗಿಡುವುದಕ್ಕೆ?...

ಅವಳು ಮಕ್ಕಳ ವಾರ್ಡಿನಲ್ಲಿ ನರ್ಸಾಗಿ ಕೂದಲು ಹಣ್ಣಾಗಿಸಿಕೊಂಡವಳು. ಕೆಲಸ ಬಿಟ್ಟ ಮೇಲೂ ಬೀದಿಯವರ ಬಾಯಲ್ಲಿ ಅವಳು 'ದೊಡ್ಡ ಸಿಸ್ಟರ್'. ಹಾಸಿಗೆಯಿಂದ ಹಾಸಿಗೆಗೆ ನಡೆದು, ಪ್ರತಿ ಮಗುವಿನ ಮೇಲೆ ಬಾಗಿ ಉಸಿರು ಕೇಳಿ ಮುಂದೆ ಸಾಗುವುದು ವಾರ್ಡಿನ ಪದ್ಧತಿ. ಆ ಪದ್ಧತಿ ಅವಳ ಹಿಂದೆಯೇ ಮನೆಗೂ ಬಂದಿತ್ತು. ಮಗ ಇನ್ನೂ ಕೂಸಾಗಿದ್ದಾಗ ಜ್ವರದ ಸೆಳೆತಕ್ಕೆ ಸಿಕ್ಕಿ, ಅವಳ ತೋಳಿನಲ್ಲೇ ತುಟಿ ನೀಲಿಗಟ್ಟಿ, ಉಸಿರು ನಿಂತು ಮರಳಿತ್ತು. ಅಂದಿನಿಂದ ಅವನ ಉಸಿರು ಕೇಳದೆ ಅವಳು ದಿಂಬಿಗೆ ತಲೆ ಕೊಟ್ಟವಳಲ್ಲ. ಮಗನಿಗೆ ಮದುವೆಯಾದ ಮೇಲೂ ಬಾಗಿಲನ್ನು ಕೊಂಚವೇ ಸರಿಸಿ, ಕಿವಿಗೊಟ್ಟು, ಸಮಾಧಾನವಾದ ಮೇಲೆ ಹಿಂದಿರುಗುತ್ತಿದ್ದಳು. ಅವನೂ ಒಮ್ಮೆಯಾದರೂ ಅವಳನ್ನು ನಿರಾಸೆಗೊಳಿಸಿರಲಿಲ್ಲ. ಯಾವಾಗ ನೋಡಿದರೂ ಮುಚ್ಚಿದ ಕಣ್ಣು, ಹದವಾದ ಉಸಿರು.

ಚಿಲಕ ಕಂಡ ಮೇಲೆ ಅವಳಿಗೆ ಉಳಿದುದೆಲ್ಲ ಒಂದೊಂದಾಗಿ ಕಾಣತೊಡಗಿತು. ಮಗನ ಪ್ರೀತಿಯ ದಪ್ಪ ಹೊದಿಕೆ ಈಗ ನಡುಮನೆಯ ಕುರ್ಚಿಯ ಮೇಲಿತ್ತು. ಬೆಳಿಗ್ಗೆ ಆ ಕುರ್ಚಿಯ ಮೆತ್ತೆ ಯಾರೋ ಬಹಳ ಹೊತ್ತು ಕುಳಿತೆದ್ದಂತೆ ತಗ್ಗಾಗಿರುತ್ತಿತ್ತು. ಹಗಲು ಅವನು ಹಾಸಿಗೆಯ ಮೇಲೆ ಕೂರಹೋದರೆ ಸೊಸೆ ಕಣ್ಸನ್ನೆಯಲ್ಲೇ ಅವನನ್ನು ಎಬ್ಬಿಸುತ್ತಿದ್ದಳು. ಚಿತ್ರಗಳಿಗೆ ಚೌಕಟ್ಟು ಹಾಕುವ ಅಂಗಡಿಯಲ್ಲಿ ಗಾಜು ಕತ್ತರಿಸುವುದು ಅವನ ಕೆಲಸ. ಕೈ ಜಾರಿ ಹೆಬ್ಬೆರಳು ಸೀಳಿಕೊಂಡ ಮೇಲೆ ಅವನು ಗಾಜಿನ ಮೇಜು ಬಿಟ್ಟು ಬರಿಯ ಮರದ ಪಟ್ಟಿ ಜೋಡಿಸುತ್ತಿದ್ದ. ಕಣ್ಣ ಸುತ್ತ ಮಸಿ ಬಳಿದಂತಿತ್ತು. ಏನಾಗಿದೆಯೆಂದು ಕೇಳಿದರೆ ಪ್ರತಿ ಸಲವೂ ಅದೇ ದನಿ, ಅದೇ ಉತ್ತರ: "ಅವಳನ್ನ ಕೇಳಮ್ಮ."

ಸುಳ್ಳು ಹೇಳಲು ಬಾರದ ಮಗ ಅವನು. ಆ ಮಾತನ್ನು ಯಾರೋ ಅವನ ಬಾಯಿಗೆ ತುರುಕಿರಬೇಕು! ಯಾರೋ ಏನು, ಸೊಸೆಯೇ. ಮೊನ್ನೆಮೊನ್ನೆ ಅವನನ್ನು ಯಾವುದೋ ಡಾಕ್ಟರ ಬಳಿ ಕರೆದೊಯ್ದು, ಅವನಿಗೆ ಆಟಿಸಂ ಇದೆ, ಹುಟ್ಟಿನಿಂದಲೇ ಇದೆ ಎಂಬ ಹೆಸರು ಹೊತ್ತು ತಂದವಳೂ ಅವಳೇ. ಮೀಸೆ ಬಂದ ಗಂಡಸಿಗೆ ಎಲ್ಲಿಯ ಆಟಿಸಂ ಎಂದು ಅತ್ತೆ ಅಂದೇ ಮುಖ ತಿರುಗಿಸಿದ್ದಳು. ಈಗ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು, ಸೊಸೆ ಫೋನಿನಲ್ಲಿ ಪಿಸುಗುಟ್ಟಿದ್ದನ್ನೂ ಕೇಳಿಸಿಕೊಂಡಳು: "ಅತ್ತೆಗೆ ಗೊತ್ತಾಗ್ಬಾರ್ದು ಮೇಡಂ. ಗೊತ್ತಾದ್ರೆ ತಡ್ಕೊಳ್ಳಲ್ಲ ಅವರು."

ಮರುದಿನ ಸಂಜೆ ಗಂಡ ಹೆಂಡತಿ ಹೊರಟಾಗ ದೊಡ್ಡ ಸಿಸ್ಟರ್ ತಲೆಗೆ ಸ್ಕಾರ್ಫ್ ಸುತ್ತಿ ಅವರ ಬೆನ್ನು ಹತ್ತಿದಳು. ಕನ್ನಡಕದಂಗಡಿಯೊಂದರ ಪಕ್ಕದ ಇಕ್ಕಟ್ಟಾದ ಮೆಟ್ಟಿಲಲ್ಲಿ ಅವರು ಮಾಯವಾದರು. ಮೇಲಿನ ಬೋರ್ಡನ್ನು ಅವಳು ಕತ್ತೆತ್ತಿ ಓದಿದಳು. ಮನೋಚಿಕಿತ್ಸೆ! ಚಿಲಕ, ಕುರ್ಚಿ, ಪಿಸುಮಾತು, ಎಲ್ಲವೂ ಒಂದೇ ದಾರಕ್ಕೆ ಪೋಣಿಸಿಕೊಂಡವು. ಅವನಿಗೆ ಹುಚ್ಚನೆಂಬ ಪಟ್ಟ ಕಟ್ಟಿ, ಎಲ್ಲಾದರೂ ಸೇರಿಸಿ, ಕೈತೊಳೆದುಕೊಳ್ಳುವ ಸೊಸೆಯ ಹುನ್ನಾರ...

ಬಾಗಿಲು ತಟ್ಟದೆ ಒಳನುಗ್ಗಿದಳು. ಟ್ಯೂಬ್‌ಲೈಟಿನ ಗುಂಯ್‌ಗುಡುವಿಕೆ ಮಗನಿಗಾಗದೆಂದು ಅದನ್ನು ಆರಿಸಿ, ಕಿಟಕಿಯ ಬೆಳಕಿನಲ್ಲೇ ಮಗ, ಸೊಸೆ, ಚಿಕಿತ್ಸಕಿ ಮೂವರೂ ಕುಳಿತಿದ್ದರು.

"ಹುಚ್ಚ ಅಂತ ಬರೆಸ್ಕೊಳ್ಳೋಕೆ ಬಂದ್ಯಾ?" ಎಂದು ಸೊಸೆಯನ್ನು ಕೇಳಿದಳು. "ಬರೆಸ್ಕೊಂಡ್ಮೇಲೆ ನನ್ನ ಮಗನ್ನ ಎಲ್ಲಿ ಬಿಡಬೇಕೂಂತ?"

ಸೊಸೆಯ ಮುಖ ಬಿಳಿಚಿತು. ಚಿಕಿತ್ಸಕಿ ಗಾಬರಿಯಾಗಲಿಲ್ಲ, ಎದ್ದು ತನ್ನ ಕುರ್ಚಿಯನ್ನೇ ಮುದುಕಿಗೆ ಕೊಟ್ಟಳು. ನಿಮ್ಮ ತಾಯಿಗೆ ಹೇಳಬಹುದೇ ಎಂದು ಮಗನನ್ನು ಕೇಳಿ, ಅವನು ತಲೆಯಾಡಿಸಿದ ಮೇಲೆಯೇ ಬಾಯಿ ತೆರೆದಳು. ಇವರಿಗಿರುವುದು ನಿದ್ರಾಹೀನತೆ, ಹಾಸಿಗೆ ಕಂಡರೆ ಇವರ ಮೈ ಎಚ್ಚರವಾಗುವುದನ್ನು ಕಲಿತುಬಿಟ್ಟಿದೆ. ಹಾಸಿಗೆಯೆಂದರೆ ನಿದ್ದೆ ಮಾತ್ರ ಎಂದು ಮೈಗೆ ಮತ್ತೆ ಕಲಿಸಬೇಕು. ನಿದ್ದೆ ಬಾರದಿದ್ದರೆ ಎದ್ದು ಕುರ್ಚಿಗೆ ಹೋಗಬೇಕು. ಮೊದಮೊದಲು ಸುಸ್ತು ಹೆಚ್ಚುತ್ತದೆ, ಅದಕ್ಕೇ ಗಾಜು ಮುಟ್ಟಬೇಡಿ ಎಂದಿರುವುದು. ಮತ್ತೊಮ್ಮೆ ಕೈ ಜಾರಿದರೆ ಬೆರಳೂ ಉಳಿಯದು, ಕೆಲಸವೂ ಉಳಿಯದು. ನಿದ್ದೆ ಬಂದಂತಾದಾಗ ಮಲಗಿ ಎಂದರೆ ಇವರಿಗೆ ತಿಳಿಯದು. ಓದಿದ ಸಾಲನ್ನೇ ಮತ್ತೆ ಓದುವಂತಾದಾಗ ಮಲಗಿ ಎಂದು ಬಿಡಿಸಿ ಹೇಳಬೇಕಾಗುತ್ತದೆ.

ದೊಡ್ಡ ಸಿಸ್ಟರ್ ನಕ್ಕಳು. "ಯಾರಿಗಮ್ಮ ನಿದ್ದೆ ಇಲ್ದಿರೋದು? ಮಗು ಥರ ಮಲಗ್ತಾನೆ. ಆ ಚಿಲಕ ಬರೋವರೆಗೂ ದಿನಾ ನೋಡ್ತಿದ್ದೆನಲ್ಲ ನಾನು."

ಸೊಸೆ ನೆಲ ನೋಡಿದಳು. ಅತ್ತೆಗೆ ಮೊದಲ ಬಾರಿಗೆ ಭಯವಾಯಿತು.

"ಇಲ್ಲಮ್ಮ," ಎಂದ ಮಗ, ತನ್ನ ಹೆಬ್ಬೆರಳಿನ ಕಟ್ಟು ನೋಡುತ್ತ. "ನೀನು ಬರೋವಾಗ ಕಣ್ಣು ಮುಚ್ಕೊಂಡಿರ್ತೀನಿ. ನೀನೇ ಹೇಳಿದ್ದಲ್ವಾ, ಅಮ್ಮ ಬಂದು ನೋಡೋವಾಗ ಕಣ್ಣು ಮುಚ್ಚಿರಬೇಕು ಅಂತ. ಸ್ಕೂಲಿಗೆ ಸೇರಿಸೋಕೂ ಮುಂಚೆ."

"ಮತ್ತೆ ಉಸಿರು?"

"ಅದನ್ನ ಕಲ್ತ್ಕೊಂಡೆ."

ನೂರಾರು ಮಕ್ಕಳ ಉಸಿರು ಕೇಳಿದ ಕಿವಿ!... ಹಾಗಾದರೆ ನಾನು ಹೋದ ಮೇಲಾದರೂ ಮಲಗಬಾರದಿತ್ತೇ ಎಂದು ಕೇಳಿದಳು.

"ನೀನು ಒಂದೊಂದ್ಸಲ ಮತ್ತೆ ಬರ್ತೀಯಲ್ಲ. ಅದಕ್ಕೇ ಕಾಯ್ತೀನಿ. ನಿದ್ದೆ ಬಂದ್ಬಿಟ್ರೆ, ಕಣ್ಣು ಮುಚ್ಚಿದೀನಾ ಇಲ್ವಾ ಅಂತ ನನಗೆ ಹೇಗಮ್ಮ ಗೊತ್ತಾಗುತ್ತೆ? ಚಿಲಕ ಹಾಕಿದ್ರೂ ಹಿಡಿ ತಿರುಗಿದ್ದು ಕೇಳುತ್ತೆ."

ಅವನ ದನಿಯಲ್ಲಿ ದೂರಿರಲಿಲ್ಲ. ಇದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು! ತಾನು ಕಾವಲು ಎಂದುಕೊಂಡದ್ದು ಮಗನಿಗೆ ಪರೀಕ್ಷೆಯಾಗಿತ್ತು. ಅಮ್ಮನನ್ನು ಸಂತೋಷವಾಗಿಡಲು ಅವನು ಅಷ್ಟೂ ವರ್ಷ ಎಚ್ಚರವಿದ್ದು ಅದರಲ್ಲಿ ಪಾಸಾಗುತ್ತ ಬಂದಿದ್ದ.

ತನಗೇಕೆ ಹೇಳಲಿಲ್ಲವೆಂದು ಸೊಸೆಯನ್ನು ಕೇಳಿದಳು.

"ಏನಂತ ಹೇಳ್ಲಿ ಅತ್ತೆ? ಅವರ ಉಸಿರು ಕೇಳದೆ ನಿಮಗೆ ನಿದ್ದೆ ಬರಲ್ಲ ಅಂತ ನನಗೆ ಗೊತ್ತಿಲ್ವಾ? ಇಬ್ಬರಲ್ಲಿ ಯಾರ ನಿದ್ದೆ ಕೆಡಿಸಲಿ ಅಂತ ತಿಳೀಲಿಲ್ಲ. ಚಿಲಕ ಹಾಕ್ಸಿದೆ. ಬೈಸ್ಕೊಂಡ್ರೂ ಪರವಾಗಿಲ್ಲ ಅಂದ್ಕೊಂಡೆ."

ದೊಡ್ಡ ಸಿಸ್ಟರ್ ತನ್ನ ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. ಮಾತಿನಿಂದ ಕಟ್ಟಿದ್ದನ್ನು ಮಾತಿನಿಂದಲೇ ಬಿಚ್ಚಬೇಕು, ಅದೂ ಅವನಿಗೆ ತಿಳಿಯುವಂಥ ಮಾತಿನಲ್ಲಿ. ಅವಳು ಮಗನತ್ತ ತಿರುಗಿದಳು.

"ಕೇಳು. ನೀನು ಮಲಗಿದ ಮೇಲೆ ಇನ್ಮೇಲೆ ನಾನು ಬಂದು ನೋಡಲ್ಲ. ನೀನು ಕಾಯಬೇಡ."

"ಯಾವತ್ತಿನವರೆಗೆ?"

ಅವಳಿಗೆ ಆ ನೀಲಿ ತುಟಿಗಳು ಕಣ್ಣಿಗೆ ಕಟ್ಟಿದವು. "ಯಾವತ್ತೂ," ಎಂದಳು.

ಮೆಟ್ಟಿಲಿಳಿಯುವಾಗ ಸೊಸೆ ಅತ್ತೆಯ ಮೊಣಕೈ ಹಿಡಿದು ಒಂದು ಬೇಡಿಕೆಯಿಟ್ಟಳು: ಬೆಳಿಗ್ಗೆ ಇವರನ್ನು ತಪ್ಪದೆ ಒಂದೇ ಹೊತ್ತಿಗೆ ಎಬ್ಬಿಸಬೇಕು, ಆ ಜವಾಬ್ದಾರಿ ನಿಮ್ಮದು. ಬಾಗಿಲು ತಟ್ಟಿದರೆ ಸಾಕು. ವಾರ್ಡಿನ ಸಿಸ್ಟರಿಗೆ ಅಷ್ಟು ಡ್ಯೂಟಿಯಾದರೂ ಬೇಡವೇ ಎಂದು ನಗಿಸಲೂ ನೋಡಿದಳು. ಚಿಲಕವನ್ನು ಅಂದೇ ಬಿಚ್ಚಿಸಿದರು.

ಆಮೇಲಿನ ದಿನಗಳು ತಾಯಿಗೆ ಹೇಗೆ ಕಳೆದವೆಂಬುದು ಅವಳ ದಿಂಬಿಗೇ ಗೊತ್ತು. ಪ್ರತಿ ಬೆಳಿಗ್ಗೆ ಬೆರಳು ಬಾಗಿಲಿಗೆ ತಾಗುವ ಮೊದಲೇ ಒಳಗಿನಿಂದ "ಎದ್ದಿದೀನಿ" ಎಂಬ ಚುರುಕು ದನಿ ಬರುತ್ತಿತ್ತು. ಎದ್ದಿದ್ದಾನೆ, ಅಂದರೆ ಮಲಗಿಯೇ ಇಲ್ಲ. ಈ ಚಿಕಿತ್ಸೆಯೆಲ್ಲ ಬರೀ ಬೂಟಾಟಿಕೆಯೇನೋ ಎಂಬ ಗುಮಾನಿ ಮತ್ತೆ ಹೆಡೆಯೆತ್ತುತ್ತಿತ್ತು. ಆದರೂ ಕೊಟ್ಟ ಮಾತು ಮುರಿಯಲಿಲ್ಲ.

ಸೊಸೆ ಬೇಗನೆ ಕೆಲಸಕ್ಕೆ ಹೋಗಿದ್ದ ಒಂದು ಬೆಳಿಗ್ಗೆ ಅವಳು ಬಾಗಿಲು ತಟ್ಟಿದಳು. ಉತ್ತರವಿಲ್ಲ. ಮತ್ತೆ ತಟ್ಟಿದಳು. ಸದ್ದಿಲ್ಲ. ಚಿಲಕವಿಲ್ಲದ ಬಾಗಿಲು, ಹಿಡಿ ತಿರುಗಿಸಿದರೆ ಸಾಕು. ಕೈ ಹಿಡಿಯ ಮೇಲೆ ಬಂದು ನಿಂತಿತು... ಯಾವತ್ತೂ ಎಂದಿದ್ದಳು. ಆ ಕೈಯನ್ನು ಹಿಂದಕ್ಕೆಳೆದು, ಮುಷ್ಟಿಮಾಡಿ, ಬಾಗಿಲು ಅದುರುವಂತೆ ಗುದ್ದಿದಳು.

ಒಳಗೆ ಮಂಚ ಕಿರುಗುಟ್ಟಿತು. ಆಮೇಲೆ ದಿಂಬಿನೊಳಗಿಂದೆಂಬಂತೆ ಬಂದ, ಹುಟ್ಟಿದಾಗಿನಿಂದ ಆ ಬಾಯಲ್ಲಿ ಅವಳು ಕೇಳಿರದ ದಪ್ಪನೆಯ, ಸಿಡುಕಿನ ದನಿ:

"ಅಯ್ಯೋ, ಇನ್ನೊಂಚೂರು ಮಲಗ್ತೀನಿ ಬಿಡಮ್ಮ..."

ದೊಡ್ಡ ಸಿಸ್ಟರ್ ಬಾಗಿಲಿಗೆ ಹಣೆಯಾನಿಸಿದಳು. ಕಣ್ಣೀರು ಮರದ ಮೇಲೆಯೇ ಇಳಿಯಿತು.

"ಆಗಲ್ಲ," ಎಂದಳು, ದನಿಯನ್ನು ಆದಷ್ಟು ಒರಟಾಗಿಸಿಕೊಂಡು. "ಏಳು."