ಬೇರಿನ ಮಣಿಗಳು

"ಯಾರು ಸುರಿದಿದ್ದು ಇದನ್ನ?"

ಪಟಾಕಿ ಬಾಲ್ಕನಿಯಿಂದಲೇ ಕಿರುಚಿದಳು. ಸ್ಕೂಲ್ ಬ್ಯಾಗ್ ಇನ್ನೂ ಬೆನ್ನ ಮೇಲೇ ಇತ್ತು. ಬ್ಲೀಚಿಂಗ್ ಪೌಡರಿನ ಘಾಟು ಮೂಗಿಗೆ ಬಡಿಯಿತು. ಅವಳ ಕುಂಡಗಳ ಮಣ್ಣೆಲ್ಲ ಬಿಳಿಚಿಕೊಂಡಿತ್ತು. ಆಗಷ್ಟೇ ಹೂ ಬಿಡತೊಡಗಿದ್ದ ಬೀನ್ಸ್ ಗಿಡಗಳು ಕತ್ತು ಮುರಿದವರಂತೆ ಜೋತುಬಿದ್ದಿದ್ದವು. ಒಂದು ಎರೆಹುಳು ಕುಂಡದ ಅಂಚಿನವರೆಗೆ ಬಂದು ಅಲ್ಲೇ ಸತ್ತುಹೋಗಿತ್ತು.

ಒಳಗಿನಿಂದ ಅಪ್ಪ ಬಂದ. ಕೈಯಲ್ಲಿ ಬ್ರಷ್ಷು, ಬಕೆಟ್ಟು. ಲಿಫ್ಟ್ ರಿಪೇರಿ ಡ್ಯೂಟಿ ಮುಗಿಸಿ ಮನೆಗೆ ಬಂದರೆ ಅವನಿಗೆ ಈಗ ಇದೇ ಕೆಲಸ. ನೆಲ ತಿಕ್ಕುವುದು, ಬಾಗಿಲ ಚಿಲಕ ಒರೆಸುವುದು, ಮತ್ತೆ ನೆಲ ತಿಕ್ಕುವುದು.

"ಮೆಲ್ಲಗೆ ಮಾತಾಡು, ಪಾಪು ಮಲಗಿದ್ದಾನೆ. ನಾನೇ ಹಾಕಿದ್ದು. ಮಣ್ಣಲ್ಲಿ ಕ್ರಿಮಿ ಇರುತ್ತೆ."

"ನನ್ನ ಗಿಡ ಎಲ್ಲಾ ಸತ್ತೋಯ್ತು!"

"ಗಿಡ ಇನ್ನೊಂದು ಬೆಳೆಸಬಹುದು ಕಣೇ."

"ಪಾಪು, ಪಾಪು, ಪಾಪು! ಅವನು ಬಂದಾಗಿಂದ ಈ ಮನೇಲಿ ನಾನು ಲೆಕ್ಕಕ್ಕೇ ಇಲ್ಲ!"

ತೊಟ್ಟಿಲಲ್ಲಿದ್ದ ತಮ್ಮ ಎಚ್ಚರಗೊಂಡು ಅಳತೊಡಗಿದ. "ಅಯ್ಯೋ ಪಟಾಕಿ, ಈಗಷ್ಟೇ ಮಲಗಿಸಿದ್ದೆ" ಎಂದಳು ಅಮ್ಮ. ಆ ಹೆಸರು ಇಟ್ಟವಳೂ ಅಮ್ಮನೇ. ಇವತ್ತು ಅದನ್ನು ಕೇಳಿದರೂ ಮೈ ಉರಿಯಿತು.

ಅವತ್ತಿನಿಂದ ಅಪ್ಪನ ಜೊತೆ ಟೂ. ಊಟಕ್ಕೆ ಎದುರಿಗೇ ಕೂತಿದ್ದರೂ, "ಅಮ್ಮಾ, ಆ ನೀರಿನ ಜಗ್ ಈ ಕಡೆ ತಳ್ಳೋಕೆ ಅಲ್ಲಿ ಕೂತಿರೋರಿಗೆ ಹೇಳು" ಅನ್ನುತ್ತಿದ್ದಳು. ಅಲ್ಲಿ ಕೂತವನು ಸುಮ್ಮನೆ ಜಗ್ ತಳ್ಳುತ್ತಿದ್ದ.

ಒಂದು ಬೆಳಿಗ್ಗೆ ಕುಂಡದ ಪಕ್ಕ ಹೊಸ ಬೀಜದ ಪ್ಯಾಕೆಟ್ ಇತ್ತು. ಯಾರಿಟ್ಟರು ಎಂದು ಅವಳು ಕೇಳಲಿಲ್ಲ. ಮಣ್ಣಿಗೆ ಮತ್ತೆ ಮತ್ತೆ ನೀರು ಸುರಿದು, ವಾಸನೆ ಹೋಗುವವರೆಗೆ ತೊಳೆದು, ಬೀಜ ಹಾಕಿದಳು. ಮೊಳಕೆ ಬಂತು. ಆದರೆ ಗಿಡ ಗೇಣುದ್ದ ಆಗುವ ಹೊತ್ತಿಗೆ ಎಲೆಗಳು ಹಳದಿಯಾದವು. ಮೇಲೂ ಹೋಗದು, ಸಾಯಲೂ ಸಾಯದು.

"ಮಿಸ್, ಅಂಗಡಿಯವರು ಮೋಸ ಮಾಡಿದ್ದಾರೆ. ಬೀಜ ಡೂಪ್ಲಿಕೇಟ್!" ಶಾಲೆಯ ತೋಟದಲ್ಲಿ ಪಟಾಕಿ ಸಿಡಿದಳು.

ಸೈನ್ಸ್ ಮಿಸ್ ಬೀನ್ಸ್ ಪಾತಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಿದ್ದರು. ಒಂದು ಗಿಡವನ್ನು ಮೆಲ್ಲಗೆ ಬೇರು ಸಮೇತ ಎತ್ತಿ ಅವಳ ಮುಂದೆ ಹಿಡಿದರು. ಬೇರಿನ ತುಂಬ ಸಾಸಿವೆ ಕಾಳಿನಷ್ಟು ದಪ್ಪದ ಮಣಿಗಳು.

"ಇದು ರೋಗಾನಾ ಮಿಸ್?"

"ಅಲ್ಲ, ಮನೆ." ಮಿಸ್ ಒಂದು ಮಣಿಯನ್ನು ಉಗುರಲ್ಲಿ ಸೀಳಿದರು. ಒಳಗೆ ತಿಳಿಗೆಂಪು. "ಇದರಲ್ಲಿ ಬ್ಯಾಕ್ಟೀರಿಯ ಇವೆ. ಗಾಳಿಯಲ್ಲಿರೋ ನೈಟ್ರೋಜನ್ ಹಿಡಿದು ಗಿಡಕ್ಕೆ ಕೊಡ್ತವೆ. ಗಿಡ ಅವಕ್ಕೆ ಸಕ್ಕರೆ ಕೊಡುತ್ತೆ. ನಿನ್ನ ಗಿಡದ ಬೇರಲ್ಲಿ ಇದು ಇದೆಯಾ ನೋಡಿದ್ಯಾ?"

ಪಟಾಕಿ ತುಟಿ ಕಚ್ಚಿದಳು. "ಮಣ್ಣಿಗೆ ಬ್ಲೀಚಿಂಗ್ ಹಾಕಿದ್ರೆ?"

"ಹಾಗಾದ್ರೆ ಒಳ್ಳೇವೂ ಹೋಗ್ತವೆ, ಕೆಟ್ಟವೂ ಹೋಗ್ತವೆ. ಬ್ಲೀಚಿಂಗಿಗೆ ಏನು ಗೊತ್ತು ಪಾಪ?"

"ವಾಪಸ್ ಬರಲ್ವಾ?"

"ಬರ್ತವೆ. ಗಾಳೀಲಿ ಕೆಲವು, ಧೂಳಲ್ಲಿ ಕೆಲವು. ಮೊದಲು ಬಂದವು ಮಣ್ಣನ್ನ ಹದ ಮಾಡಿದ್ರೆ ಆಮೇಲೆ ಬರೋವಕ್ಕೆ ಜಾಗ ಆಗುತ್ತೆ. ಕೆಲವು ಮೊದಲೇ ಬಂದು, ಬೇರೆಯವರನ್ನ ಸೇರಿಸಲ್ಲ ಅಂತ ಜಗಳಾನೂ ಆಡ್ತವೆ! ಅದಕ್ಕೇ ನಿಧಾನ. ಇಲ್ಲಿಂದ ಒಂದು ಹಿಡಿ ಮಣ್ಣು ಒಯ್ದು ಬೆರೆಸು, ಬೇಗ ಆಗಬಹುದು."

ಪಟಾಕಿ ಟಿಫಿನ್ ಬಾಕ್ಸ್ ತುಂಬ ಮಣ್ಣು ತುಂಬಿಕೊಂಡಳು.

ಮನೆಯ ಬಾಗಿಲಲ್ಲೇ ಅಪ್ಪ ತಡೆದ. "ಏನದು?" ಮುಚ್ಚಳ ತೆಗೆದು ನೋಡಿ ಮುಖ ಸಿಂಡರಿಸಿದ. "ಮತ್ತೆ ಮಣ್ಣಾ? ಒಳಗೆ ತರಬೇಡ."

"ಬಿಸಾಕು!" ಟೂ ಬಿಟ್ಟದ್ದೂ ಮರೆತು ಅವಳು ಕೂಗಿದಳು. "ಇದನ್ನೂ ಸಾಯಿಸು! ಅವು ಏನು ಮಾಡಿದ್ವು ನಿಂಗೆ? ಗಿಡಕ್ಕೆ ಊಟ ಕೊಡ್ತಿದ್ವು ಅಷ್ಟೇ! ಎಲ್ಲಾನೂ ಕೊಂದೆ ನೀನು!"

ಅಪ್ಪ ಬಾಕ್ಸ್ ಹಿಡಿದುಕೊಂಡು ನಿಂತೇ ಇದ್ದ. ಆಗ ಅವಳ ಕಣ್ಣು ಅವನ ಕೈ ಮೇಲೆ ಬಿತ್ತು. ಬೆರಳ ಸಂದಿಗಳೆಲ್ಲ ಕೆಂಪಗೆ ಬಿರಿದಿದ್ದವು. ಚರ್ಮ ಪದರು ಪದರಾಗಿ ಸುಲಿದಿತ್ತು.

"ಆಸ್ಪತ್ರೇಲಿ ಪಾಪು ಗಾಜಿನ ಪೆಟ್ಟಿಗೇಲಿ ಇದ್ನಲ್ಲ," ಎಂದ ಅಪ್ಪ. ದನಿ ಸಣ್ಣದಾಗಿತ್ತು. "ನನ್ನ ಹೆಬ್ಬೆರಳಷ್ಟು ದಪ್ಪ ಇತ್ತು ಅವನ ಕಾಲು. ಕೈ ತೊಳೀದೆ ಮುಟ್ಟಬೇಡಿ ಅಂತಿದ್ರು ನರ್ಸು. ಆವತ್ತಿಂದ ಎಷ್ಟು ತೊಳೆದ್ರೂ ಸಾಲದು ಅನ್ಸುತ್ತೆ ಕಣೇ."

 ಪಟಾಕಿಯ ಕೋಪ ಇನ್ನೂ ಪೂರ್ತಿ ಇಳಿದಿರಲಿಲ್ಲ.

"ಆದ್ರೂ ನೀನು ನನ್ನ ಕೇಳಬೇಕಿತ್ತು," ಎಂದಳು.

"ಕೇಳಬೇಕಿತ್ತು," ಎಂದ ಅಪ್ಪ. ಬಾಕ್ಸನ್ನು ಅವಳ ಕೈಗೆ ವಾಪಸ್ ಕೊಟ್ಟ. ಅವಳು ಹಳದಿ ಗಿಡಗಳ ಬುಡಕ್ಕೆ ಮಣ್ಣು ಬೆರೆಸುವುದನ್ನು ಬಾಲ್ಕನಿಯ ಹೊಸ್ತಿಲಾಚೆ ನಿಂತು ನೋಡಿದ.

ವಾರಗಳು ಉರುಳಿದವು. ಮೊದಲು ಒಂದು ಚಿಗುರು ಹಸಿರಾಯಿತು, ಆಮೇಲೆ ಪಕ್ಕದ್ದು. ಒಂದು ಭಾನುವಾರ ಪಟಾಕಿ ತಡೆಯಲಾರದೆ ಒಂದು ಗಿಡವನ್ನು ಎತ್ತಿಯೇಬಿಟ್ಟಳು.

"ಅಪ್ಪಾ, ಬಾ ಇಲ್ಲಿ!"

ಬೇರಿನಲ್ಲಿ ಅಲ್ಲೊಂದು ಇಲ್ಲೊಂದು ಮಣಿ. ಅಪ್ಪ ಹೊಸ್ತಿಲು ದಾಟಿ ಬಂದು ಪಕ್ಕದಲ್ಲಿ ಕೂತ. ಮುಟ್ಟಲೋ ಬೇಡವೋ ಎಂದು ಸ್ವಲ್ಪ ಹೊತ್ತು ನೋಡಿ, ಕೊನೆಗೆ ಒಂದನ್ನು ಬೆರಳಲ್ಲಿ ಒತ್ತಿದ. ತಿಳಿಗೆಂಪು ರಸ ಉಗುರಿಗಂಟಿತು.

ಒಳಗೆ ಪಾಪು ಕುಂಯ್‌ಗುಟ್ಟಿದ. ಅಪ್ಪ ದಡಬಡಿಸಿ ಎದ್ದು ಬಚ್ಚಲಿಗೆ ಓಡಿ, ಬ್ಲೀಚಿಂಗ್ ಡಬ್ಬಕ್ಕೆ ಕೈ ಚಾಚಿದ.

ಹಿಂದೆಯೇ ಬಂದ ಪಟಾಕಿ ಡಬ್ಬವನ್ನು ಮೇಲಿನ ಗೂಡಿಗೆ ತಳ್ಳಿದಳು. ಬೈಯಲಿಲ್ಲ. ಸೋಪನ್ನು ಅವನ ಅಂಗೈಯಲ್ಲಿಟ್ಟು, ಚೊಂಬಿನಲ್ಲಿ ನೀರು ತುಂಬಿ, ಚರ್ಮ ಬಿರಿದ ಕಡೆ ಉರಿಯದಂತೆ ಮೆಲ್ಲ ಮೆಲ್ಲಗೆ ಹೊಯ್ದಳು.