ಚಲಪತಿಗೆ ಕೇಳಿಸದ ಕೂಗು

"ಏನು ಬೇಕಿತ್ತು?" ಎನ್ನುತ್ತ ತಲೆ ಎತ್ತಿದ ವೆಂಕಟರತ್ನಮ್ಮನ ಕೈಯಿಂದ, ಒರೆಸುತ್ತಿದ್ದ ಕನ್ನಡಕ ಜಾರಿ ಮೇಜಿನ ಮೇಲೆ ಬಿತ್ತು.

ಇವನು... ಅವನೇ ಅಲ್ಲವೇ?

ಅವನೇ! ಆ ಮುಖವನ್ನು ಮರೆಯುವುದಾದರೂ ಹೇಗೆ?

ಎರಡು ವರ್ಷದ ಹಿಂದೆ, ಸಾವಿರದ ಒಂಬೈನೂರ ಅರವತ್ತೆರಡರಲ್ಲಿ, ಚಿನ್ನದ ಗಣಿಯ ಗೇಟಿನ ಮುಂದೆ ಅಣ್ಣನ ಹೆಣಕ್ಕಾಗಿ ಕಾದು ನಿಂತಿದ್ದಾಗ ಯಾರೋ ಬೆರಳು ಮಾಡಿ ತೋರಿಸಿದ್ದರು.

"ಅಗೋ, ಅವನೇ ಕಣಮ್ಮ ಚಲಪತಿ. ನಿಮ್ಮಣ್ಣನ ಜೊತೆಗಾರ. ಕಾಲಿನ ಮೇಲೆ ಬಂಡೆ ಬಿದ್ದು ಆದಿನಾರಾಯಣ ಕೂಗ್ತಾ ಇದ್ರೆ, ಇವನು ತಿರುಗೂ ನೋಡ್ದೆ ಬಂದ್ಬಿಟ್ಟ. ಆಮೇಲೇನೇ ಮೇಲಿಂದೆಲ್ಲ ಕುಸಿದಿದ್ದು!"

ಅಂದಿನಿಂದ ಊರಿಗಾಂನ ಗಣಿ ಕಾರ್ಮಿಕರ ಲೈನಿನಲ್ಲಿ, ಒಂದೇ ಕೋಣೆಯ ಮನೆಯಲ್ಲಿ ತಾಯಿ ಪಾಪಕ್ಕ ಸಂಜೆ ದೀಪ ಹಚ್ಚಿ ದೇವರನ್ನು ಕೇಳುತ್ತಿದ್ದದ್ದು ಒಂದೇ. ಆ ಚಲಪತಿಗೆ ಒಳ್ಳೆಯ ಸಾವು ಬರದಿರಲಿ. ಮಗಳು ರತ್ನಳೂ ಪಕ್ಕದಲ್ಲಿ ನಿಂತು ಕೈ ಮುಗಿಯುತ್ತಿದ್ದಳು.

ಈಗ ಅದೇ ಮನುಷ್ಯ ಬಂಗಾರಪೇಟೆಯ ಸುಬ್ಬರಾಯಪ್ಪನವರ ಕನ್ನಡಕದ ಅಂಗಡಿಯಲ್ಲಿ, ಟವೆಲನ್ನು ಎರಡೂ ಕೈಯಲ್ಲಿ ಹಿಂಡುತ್ತ ನಿಂತಿದ್ದಾನೆ!

"ಕಿವಿಗೆ ಆಕ್ಕೊಳ್ಳೋ ಮಿಷನ್ನು ಇಲ್ಲಿ ಸಿಗ್ತದಂತೆ!" ಬೀದಿಯವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಕೇಳಿದ.

ಕಿವಿಗಾ? ಇವನಿಗಾ?

ಆ ಅಂಗಡಿಯಲ್ಲಿ ಕಿವಿಯ ವ್ಯವಹಾರವೆಲ್ಲ ರತ್ನಳದೇ. ಕಿವುಡರಿಗೆ ಒಂದೇ ಮಾತನ್ನು ನಾಲ್ಕು ಸಲ ಹೇಳುವಷ್ಟು ತಾಳ್ಮೆ ಸುಬ್ಬರಾಯಪ್ಪನವರಿಗೆ ಇರಲಿಲ್ಲ. ಎದ್ದು ಹೋಗಿಬಿಡೋಣ ಅನ್ನಿಸಿದರೂ ಅವಳು ಎದುರಿನ ಕುರ್ಚಿ ತೋರಿಸಿದಳು.

ಅವನ ಹಿಂದೆ ನಿಂತು ಪಿಸುಗುಟ್ಟಿದಳು. ಅವನು ಅಲುಗಲಿಲ್ಲ.

ಸಾಮಾನ್ಯ ದನಿಯಲ್ಲಿ ಕರೆದಳು. ಊಹೂಂ.

ಜೋರಾಗಿ ಕೂಗಿದಳು. ಆಗ "ಏನೋ ಅಂದ್ರಿ?" ಎಂದು ತಿರುಗಿದ.

ರತ್ನ ಎದುರು ಬಂದು, ತುಟಿ ಕಾಣುವಂತೆ ನಿಧಾನವಾಗಿ ಕೇಳಿದಳು. "ಯಾವಾಗಿಂದ ಹೀಗೆ?"

"ಆರು ವರ್ಷ ಆಯ್ತಮ್ಮ. ಬಂಡೆ ಕೊರೆಯೋ ಮಿಷನ್ ಇಡ್ಕೊಂಡೂ ಇಡ್ಕೊಂಡೂ ಓಯ್ತು."

ಆರು ವರ್ಷ! ಅಣ್ಣ ಹೋಗಿ ಎರಡೇ ವರ್ಷ...

ಅಂದರೆ ಅಣ್ಣನ ಕೂಗು ಇವನಿಗೆ ಕೇಳಿಸಲೇ ಇಲ್ಲ! ದೇವರೇ, ಎರಡು ವರ್ಷ ನಾವು ಯಾರಿಗೆ ಶಾಪ ಹಾಕಿದೆವು?

"ಈಗ ಯಾಕೆ ಮಿಷನ್ನು?" ರತ್ನ ಮತ್ತೆ ಕೇಳಿದಳು.

"ನಮ್ಮಮ್ಮ ಬಿದ್ದು ಸೊಂಟ ಮುರ್ಕೊಂಡವ್ಳೆ. ಎದ್ದೇಳಕ್ಕಾಗಲ್ಲ. ನಾನು ಗಣಿ ಬಿಟ್ಟು ಕ್ಯಾಸಂಬಳ್ಳಿಲೇ ಅವ್ನಿ. ಅವಳು ಕರೆದ್ರೆ ಕೇಳಿಸ್ಬೇಕು." ಅವನು ತಲೆ ತಗ್ಗಿಸಿದ. "ಒಂದು ಕೂಗು ತಪ್ಪಿಸ್ಕೊಂಡಿದ್ದೀನಿ. ಇನ್ನೊಂದು ತಪ್ಪಬಾರ್ದು."

ರತ್ನ ಕಪಾಟಿನ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ತಾನು ಯಾರೆಂದು ಹೇಳಲಿಲ್ಲ.

ಮೇಜಿನ ಮೇಲೆ ಒಂದೊಂದಾಗಿ ಇಟ್ಟಳು.

"ಇದು ರಬ್ಬರ್ ಕೊಳವೆ. ಒಂದು ತುದಿ ನಿಮ್ಮ ಕಿವಿಗೆ, ಇನ್ನೊಂದು ತುದಿಗೆ ಅವರು ಬಾಯಿಟ್ಟು ಮಾತಾಡಬೇಕು. ಬ್ಯಾಟರಿ ಬೇಡ, ಕೆಡೋದಿಲ್ಲ. ಆದರೆ ಪಕ್ಕದಲ್ಲೇ ಕೂತಿರಬೇಕು. ದೂರದಿಂದ ಕರೆದರೆ ಏನೂ ಪ್ರಯೋಜನ ಇಲ್ಲ."

"ಬ್ಯಾಡ. ನಾನು ಒಲದಲ್ಲಿರ್ತೀನಿ."

"ಇದು ತಲೆಗೆ ಹಾಕೋ ಪಟ್ಟಿ. ಕಿವಿ ಹಿಂದಿನ ಎಲುಬಿನಿಂದ ಶಬ್ದ ಒಳಗೆ ಹೋಗುತ್ತೆ." ತಟ್ಟಿದರೆ ಗುಂಯ್‌ಗುಡುವ ಉಕ್ಕಿನ ಕವಲುಕಡ್ಡಿಯೊಂದನ್ನು ತಟ್ಟಿ ಅವನ ಕಿವಿಯ ಹಿಂದೆ ಒತ್ತಿದಳು. ಅವನು ಕೇಳಿಸಲಿಲ್ಲವೆಂದು ತಲೆಯಾಡಿಸಿದ. "ಹಾಗಾದರೆ ಇದು ನಿಮಗಲ್ಲ. ಕಿವಿ ಸೋರೋರಿಗೆ ಸರಿ. ನಿಮ್ಮದು ಒಳಗಿನ ನರ ಸೋತಿರೋದು."

ಕೊನೆಗೆ ಉಳಿದದ್ದು ಟ್ರಾನ್ಸಿಸ್ಟರ್ ಡಬ್ಬಿ. ಅಂಗಿಯ ಜೇಬಿಗೆ ಡಬ್ಬಿ, ಅಲ್ಲಿಂದ ಕಿವಿಗೊಂದು ವೈರು. ಕಿವಿಯ ಅಚ್ಚು ತೆಗೆದು ಬೆಂಗಳೂರಿಗೆ ಕಳಿಸಬೇಕು, ಅಲ್ಲಿಂದ ಕಿವಿಗೆ ಕೂರುವ ಅಚ್ಚು ತಯಾರಾಗಿ ಬರಲು ಮೂರು ವಾರ.

ಅಚ್ಚು ಬರುವವರೆಗೆ ಅವನು ಬರಬೇಕಾಗಿರಲಿಲ್ಲ. ಆದರೂ ಭಾನುವಾರ ಬಂದ! ಅಂಗಡಿ ಅರ್ಧ ದಿನ ತೆರೆದಿರುತ್ತದೆಂದು ಅವನಿಗೆ ಹೇಳಿದವರು ಯಾರೋ, ಅವಳು ಅಂದು ಹೊಸ ಸೀರೆ ಉಟ್ಟಿದ್ದು ಏಕೋ, ಕೇಳಿದ್ದರೆ ಇಬ್ಬರೂ ಹೇಳುತ್ತಿರಲಿಲ್ಲ.

ಮುಂದಿನ ಭಾನುವಾರವೂ ಬಂದ. ಬೆಳಕಿನ ಎದುರು ಕೂರಿಸಿ, ತುಟಿ ನೋಡಿ ಮಾತು ಹಿಡಿಯುವುದನ್ನು ಅವಳು ಕಲಿಸಿದಳು. ಅವನು ತಪ್ಪಿದಾಗ ನಗುತ್ತಿದ್ದಳು. ಅವಳು ನಕ್ಕರೆ ಅವನೂ ನಗುತ್ತಿದ್ದ, ಆಮೇಲೆ ನಗಬಾರದಿತ್ತು ಎನ್ನುವಂತೆ ಸುಮ್ಮನಾಗುತ್ತಿದ್ದ. ಆ ಸುಮ್ಮನಾಗುವಿಕೆಯ ಕಾರಣ ಅವಳಿಗೆ ಗೊತ್ತಿತ್ತು.

ಇವನನ್ನು ನಾನು ಪ್ರೀತಿಸುತ್ತಿದ್ದೇನೆ... ಅಣ್ಣಾ, ನಿನ್ನ ಜೊತೆಗಾರನನ್ನು ಪ್ರೀತಿಸುತ್ತಿದ್ದೇನೆ!

ಮೂರನೆಯ ಭಾನುವಾರ ಅಚ್ಚು ಬಂತು. ಕಿವಿಗೆ ಕೂರಿಸಿ, ಡಬ್ಬಿಯ ಗುಂಡಿ ತಿರುಗಿಸಿ, ಅವಳು ಮೊದಲ ಬಾರಿಗೆ ತನ್ನ ಸಹಜ ದನಿಯಲ್ಲಿ ಹೇಳಿದಳು.

"ನಾನು ಆದಿನಾರಾಯಣನ ತಂಗಿ."

ಅವನು ಕುರ್ಚಿಯನ್ನು ಹಿಂದಕ್ಕೆ ಸರಿಸಿದ.

"ಹೆದರಬೇಡಿ! ನಿಮಗೆ ಕೇಳಿಸಿರಲಿಲ್ಲ, ನನಗೀಗ ಗೊತ್ತು. ನಮ್ಮಮ್ಮನ ಹತ್ತಿರ ಬನ್ನಿ. ನೀವೇ ಹೇಳಿಬಿಡಿ."

"ಬ್ಯಾಡ." ಅವನು ಎದ್ದೇ ನಿಂತ. "ಅವ್ರಿಗೆ ಏನೂ ಏಳ್ಬೇಡಿ. ತಪ್ಪು ನಂದೇ."

"ನಿಮ್ಮದು ಹೇಗೆ ತಪ್ಪಾಗುತ್ತೆ? ಕಿವುಡರನ್ನ ಕೆಳಗೆ ಇಳಿಸಬಾರದು ಅಂತ ನೋಡೋಕೇ ವರ್ಷಕ್ಕೊಂದು ಸಲ ಡಾಕ್ಟರ ಪರೀಕ್ಷೆ ಇತ್ತಲ್ಲ..." ಅಲ್ಲಿಗೆ ಅವಳ ಮಾತು ನಿಂತಿತು.

ಪರೀಕ್ಷೆ! ಪಿಸುಮಾತು ಕೇಳಿಸದವನು ಅದರಲ್ಲಿ ಪಾಸಾದದ್ದು ಹೇಗೆ?

"ಮೋಸ ಮಾಡ್ದೆ," ಎಂದ ಚಲಪತಿ.

"ಹೇಗೆ?"

ಮತ್ತೆ ಮತ್ತೆ ಕೇಳಿದಳು. ಅವನು ನೆಲ ನೋಡುತ್ತ ನಿಂತಿದ್ದ.

"ಹೊಟ್ಟೆಪಾಡಿಗೆ ಸುಳ್ಳು ಹೇಳಿ ಕೆಳಗಿಳಿದಿರಿ! ನಿಮ್ಮನ್ನ ನಂಬಿ ಜೊತೆಗೆ ಬಂದ ನಮ್ಮಣ್ಣ ಹೆಣವಾಗಿ ಮೇಲೆ ಬಂದ. ಹೋಗಿ! ಇನ್ನು ನಿಮ್ಮ ಮುಖ ತೋರಿಸಬೇಡಿ!"

ಅವನು ಆ ಡಬ್ಬಿಯಲ್ಲಿ ಮೊದಲ ದಿನವೇ ಕೇಳಿದ ಮಾತುಗಳು ಇವು. ಕೈ ಮುಗಿದು ಹೊರಟುಹೋದ.

ಒಂದು ವಾರ ರತ್ನ ಸರಿಯಾಗಿ ಉಣ್ಣಲಿಲ್ಲ. ದ್ವೇಷಿಸಲು ನೋಡಿದಳು, ಆಗಲಿಲ್ಲ. ಅದರ ಮೇಲೆ ಇನ್ನೊಂದು ಚಿಂತೆ ಹತ್ತಿಕೊಂಡಿತು. ಡಬ್ಬಿ ಕೊಟ್ಟಳೇ ಹೊರತು ಅದನ್ನು ಬಳಸುವುದು ಹೇಗೆಂದು ಹೇಳಿರಲಿಲ್ಲ! ಅಂಗಿಯೊಳಗೆ ಇಟ್ಟರೆ ಬಟ್ಟೆ ಉಜ್ಜಿ ಕಿವಿಯೊಳಗೆ ಬರಬರ ಸದ್ದು. ಮಲಗುವಾಗ ಕಿವಿಯಿಂದ ತೆಗೆದಿಡಲೇಬೇಕು, ಆಗ ಮುದುಕಿ ಕೂಗಿದರೆ?

ತನ್ನ ಕೋಪಕ್ಕೆ ಆ ತಾಯಿ ಏನು ತಪ್ಪು ಮಾಡಿದ್ದಳು? ಮುಂದಿನ ಭಾನುವಾರ ರತ್ನ ಕ್ಯಾಸಂಬಳ್ಳಿಯ ಬಸ್ಸು ಹತ್ತಿದಳು.

ಚಲಪತಿ ಹೊಲಕ್ಕೆ ಹೋಗಿದ್ದ. ಮಂಚದ ಮೇಲೆ ಮಲಗಿದ್ದ ಅವನ ತಾಯಿ ಅಕ್ಕಯ್ಯಮ್ಮ, ಯಾರೆಂದು ತಿಳಿದ ಕೂಡಲೇ ಅವಳ ಎರಡೂ ಕೈ ಹಿಡಿದುಕೊಂಡಳು.

"ಆದಿನಾರಾಯಣನ ತಂಗಿನಾ? ಬಾಮ್ಮ, ಕೂತ್ಕೋ. ಚಿನ್ನದಂತ ಉಡುಗ. ಈ ಮನೇಲಿ ಎಷ್ಟು ಸಲ ಮುದ್ದೆ ಉಂಡವ್ನೆ!"

"ಅವನು ಸತ್ತಿದ್ದು ನಿಮ್ಮ ಮಗ ಮಾಡಿದ ಮೋಸದಿಂದ," ಎಂದಳು ರತ್ನ. ಹೇಳಬಾರದೆಂದುಕೊಂಡೇ ಬಂದಿದ್ದಳು.

ಅಕ್ಕಯ್ಯಮ್ಮ ಹಿಡಿದ ಕೈ ಬಿಡಲಿಲ್ಲ.

"ನನ್ನ ಮಗ ನನ್ನತ್ರ ಆಣೆ ಆಕಿಸ್ಕೊಂಡವ್ನೆ. ಆದ್ರೂ ಏಳ್ತೀನಿ. ಡಾಕ್ಟ್ರು ಹಿಂದೆ ನಿಂತ್ಕೊಂಡು ಲೆಕ್ಕ ಪಿಸುಗುಟ್ತಿದ್ರಂತೆ, ನಾಲ್ಕು, ಎರಡು, ಅಂತ. ಇವನಿಗೆ ಎಲ್ಲಿ ಕೇಳಿಸ್ಬೇಕು? ಎದುರಿಗೆ ಸಾಲಲ್ಲಿ ನಿಂತಿರೋ ನಿಮ್ಮಣ್ಣ ಕೇಳಿಸ್ಕೊಂಡು, ತೊಡೆ ಮೇಲೆ ಬೆರಳು ಬಿಡಿಸಿ ತೋರಿಸ್ತಿದ್ದ. ಇವನು ಅದನ್ನ ನೋಡಿ ಏಳೋನು. ನಾಲ್ಕು ವರ್ಷ ಅಂಗೇ ನಡೀತು. 'ನಿನ್ ಕಿವಿ ನಾನು ಕಣೋ' ಅಂತಿದ್ದನಂತೆ."

ರತ್ನ ಮಂಚದ ಪಕ್ಕ ನೆಲದ ಮೇಲೆ ಕೂತಳು.

ಅಣ್ಣಾ... ನೀನೇನಾ?

ಕೆಲಸ ಹೋದೀತೆಂದು ಗೆಳೆಯನ ಮೇಲೆ ಕನಿಕರಪಟ್ಟೆ. ನಿನ್ನ ಕೂಗು ಕೇಳಿಸದವನನ್ನು ನೀನೇ ಜೊತೆಗಿಟ್ಟುಕೊಂಡೆ!

"ಮತ್ತೆ ಅವರು ಯಾಕೆ ಹೇಳಲಿಲ್ಲ?"

"ನಿಮ್ಮಮ್ಮಂದು ಎತ್ತ ಕರುಳು, ತನ್ನ ಮಗ ತನ್ನ ಕೈಯಾರೆ ಮಾಡ್ಕೊಂಡ ಅಂತ ತಿಳಿದ್ರೆ ತಡ್ಕೊಳ್ಳಲ್ಲ. ನನ್ನನ್ನೇ ಬೈಕೊಂಡಿರ್ಲಿ ಬಿಡು, ಅಂದ."

ರತ್ನ ಆ ಮುದುಕಿಯ ಮಂಚಕ್ಕೆ ಹಣೆಯಿಟ್ಟು ಅತ್ತಳು. ಎರಡು ವರ್ಷ ಅಳದೆ ಉಳಿದದ್ದೆಲ್ಲ ಅತ್ತಳು.

ಚಲಪತಿ ಬಂದಾಗ ಅವಳು ಹುರಿಹಗ್ಗದ ಒಂದು ತುದಿಯನ್ನು ಅಕ್ಕಯ್ಯಮ್ಮನ ಕೈಗೆ ಸಿಗುವಂತೆ ಮಂಚಕ್ಕೆ ಕಟ್ಟುತ್ತಿದ್ದಳು. ಅವನು ಬಾಗಿಲಲ್ಲೇ ನಿಂತ. ಡಬ್ಬಿ ಅಂಗಿಯೊಳಗೆ ಬಟ್ಟೆಯಲ್ಲಿ ಸುತ್ತಿಕೊಂಡು ಕೂತಿತ್ತು.

ಅವಳೇ ಹೋಗಿ ಅದನ್ನು ಬಿಚ್ಚಿ, ಅಂಗಿಯ ಮೇಲೆ ಜೇಬಿಗೆ ಸಿಕ್ಕಿಸಿ, ಗುಂಡಿ ತಿರುಗಿಸಿ ಸದ್ದು ಕಡಿಮೆ ಮಾಡಿದಳು.

"ಹಗಲಲ್ಲಿ ಇದು. ಮಲಗುವಾಗ ಇದನ್ನ ತೆಗೆದಿಟ್ಟು, ಆ ಹಗ್ಗದ ತುದಿ ನಿಮ್ಮ ಮುಂಗೈಗೆ ಕಟ್ಟಿಕೊಳ್ಳಿ. ಅಮ್ಮ ಎಳೆದರೆ ಎಚ್ಚರವಾಗುತ್ತೆ. ಮಿಷನ್ನೇ ಎಲ್ಲಾ ಮಾಡೋದಿಲ್ಲ. ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪಾಯ್ತು."

ಅವನು ತಾಯಿಯ ಕಡೆ ನೋಡಿದ. ಅವಳು ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಅವನಿಗೆ ಎಲ್ಲವೂ ಅರ್ಥವಾಯಿತು.

ಅವನು ರತ್ನಳ ಕಡೆ ತಿರುಗಿ ಕೇಳಿದ. "ರತ್ನಮ್ಮ... ಎರಡು ವರ್ಷ ಯಾರೂ ನನ್ನತ್ರ ಸರಿಯಾಗಿ ಮಾತಾಡ್ಲಿಲ್ಲ. ಕೇಳಕ್ಕೂ ಆಗ್ಲಿಲ್ಲ. ಅವನು... ಏನಂತ ಕೂಗ್ದ?"

ಅಪಘಾತದ ದಿನ ಪಕ್ಕದ ಸುರಂಗದಲ್ಲಿದ್ದ ಕೆಲಸಗಾರ ಸೊಣ್ಣಪ್ಪ ಕೇಳಿಸಿಕೊಂಡದ್ದನ್ನೆಲ್ಲ ಅವಳಿಗೆ ಹೇಳಿದ್ದ. ಲೈನಿನ ಜನ ಅದರಲ್ಲಿ ಮೊದಲ ಮಾತನ್ನು ಮಾತ್ರ ಇಟ್ಟುಕೊಂಡಿದ್ದರು. ಅವಳೂ ಅಷ್ಟನ್ನೇ ಇಟ್ಟುಕೊಂಡಿದ್ದಳು. ಯಾರನ್ನಾದರೂ ಬೈಯಬೇಕಿತ್ತಲ್ಲ!

"ಮೊದಲು, 'ಚಲಪತೀ, ಬಾರೋ' ಅಂತ."

ಅವನು ಕಣ್ಣು ಮುಚ್ಚಿಕೊಂಡ.

"ಆಮೇಲೆ ಮೇಲೆ ಬಂಡೆ ಬಿರಿಯೋ ಸದ್ದು ಬಂತಂತೆ. ಆಗ..." ಅವಳು ಒಂದು ಹೆಜ್ಜೆ ಹತ್ತಿರ ಬಂದಳು. "ಆಗ, 'ಬರ್ಬೇಡ್ವೋ... ಓಗೋ, ಓಡೋಗೋ' ಅಂತ ಕೂಗಿದನಂತೆ. ಅದೇ ಕೊನೆಯದು."

ಚಲಪತಿ ಹೊಸ್ತಿಲ ಮೇಲೆ ಕುಸಿದು ಕೂತ. ಅಷ್ಟು ದೊಡ್ಡ ಗಂಡಸು ಟವೆಲನ್ನು ಬಾಯಿಗೆ ಒತ್ತಿಕೊಂಡು ಬಿಕ್ಕಿದ. ರತ್ನ ಪಕ್ಕದಲ್ಲಿ ಕೂತು ತಾನೂ ಕಣ್ಣೊರೆಸಿಕೊಂಡಳು. ಅವಳಿಗೂ ಅಣ್ಣನೇ ತಾನೇ?

ಸಂಜೆಯ ಬಸ್ಸಿಗೆ ಹೊರಟಾಗ ಅವನು ರಸ್ತೆಯವರೆಗೆ ಬಂದ.

"ನಿಮ್ಮಮ್ಮನಿಗೆ ಏಳ್ಬೇಡಿ. ಬೈಕೊಳ್ಳಲಿ. ನಂಗೆ ಅಭ್ಯಾಸ ಆಗೋಗದೆ."

"ಹೇಳ್ತೀನಿ. ಅಳ್ತಾಳೆ, ನಾನೂ ಜೊತೆಗೆ ಕೂತು ಅಳ್ತೀನಿ. ಆದರೆ ಹೇಳೇ ಹೇಳ್ತೀನಿ."

"ಯಾಕೆ?"

"ನಾನು ಮದುವೆ ಆಗೋರನ್ನ ನಮ್ಮಮ್ಮ ದಿನಾ ಶಪಿಸ್ತಿದ್ದರೆ, ಪಕ್ಕದಲ್ಲಿ ಕೈ ಮುಗಿದು ನಿಲ್ಲೋಕೆ ನನ್ನ ಕೈಲಾಗಲ್ಲ!"

ಚಲಪತಿ ಅವಳನ್ನೇ ನೋಡುತ್ತ ನಿಂತ. ದೂರದಲ್ಲಿ ಬಸ್ಸಿನ ಧೂಳು ಕಾಣಿಸಿತು.

"ಇನ್ನೊಂದ್ಸಲ ಏಳಿ."

"ಯಾಕೆ, ಕೇಳಿಸಲಿಲ್ವಾ?"

"ಕೇಳಿಸ್ತು." ಅವನ ಕಣ್ಣು ಮತ್ತೆ ತುಂಬಿತು. "ಕೇಳಿಸ್ತು ರತ್ನ... ಅದಕ್ಕೇ, ಇನ್ನೊಂದ್ಸಲ ಏಳು."